ಅಹವಾಲಿನ ಕಲ್ಲು ಬಿಡದ ಕಾಜಾಣ

ಸೀಗೆಬೆಟ್ಟದ ಕಾಡು ಯಾರ ಅಪ್ಪನ ಮನೆಯ ಆಸ್ತಿಯೂ ಅಲ್ಲ. ಹುಲ್ಲು ತಿನ್ನುವವರದ್ದೂ ಹೌದು, ಹುಳ ತಿನ್ನುವವರದ್ದೂ ಹೌದು. ಎಲ್ಲರದ್ದೂ ಆಗಿದ್ದರಿಂದಲೇ ಅಲ್ಲಿ ಜಗಳ ಜಾಸ್ತಿ. ಮಕ್ಕಳೇ, ನಿಮ್ಮ ಮನೆಯಲ್ಲೇ ನೋಡಿ. ತಟ್ಟೆಗೆ ಬಡಿಸಿದ ಹೋಳಿಗೆಗೆ ಜಗಳವಿಲ್ಲ, ಡಬ್ಬಿಯಲ್ಲಿ ಉಳಿದ ಚಕ್ಕುಲಿಗೆ ಇದೆ.

ಆ ಕಾಡಿನ ನಡುವೆ ಒಂದು ಕೆರೆ. ಕೆರೆ ದಾಟಿ ಇನ್ನೂ ಒಳಗೆ ಹೋದರೆ ಉಪ್ಪುಗುಂಡಿ. ಅಲ್ಲಿಯ ಮಣ್ಣು ನೆಕ್ಕಿದರೆ ನಾಲಿಗೆಗೆ ರುಚಿ, ಮೈಗೆ ಕಸುವು. ಅದಕ್ಕಾಗಿ ದೂರದೂರದ ಕಾಡುಗಳಿಂದ ಜಿಂಕೆ, ಕಡವೆಗಳು ಹಿಂಡು ಕಟ್ಟಿಕೊಂಡು ಬರುತ್ತಿದ್ದವು. ಆದರೆ ಹೋಗುವುದು ಸುಲಭವಲ್ಲ. ಮೈ ಸಿಗಿಯುವ ಸೀಗೆಮೆಳೆ, ಕಾಲಿಟ್ಟರೆ ಹೊಟ್ಟೆಯವರೆಗೆ ನುಂಗುವ ಕೆಸರು. ಕೆರೆಯಿಂದಾಚೆಗೆ ಇದ್ದದ್ದೇ ಎರಡು ದಾರಿ. ಮೇಲಿನದು ಕರಡಿಯ ಹುತ್ತಗಳ ಪಕ್ಕದಲ್ಲಿ ಹೋಗುತ್ತಿತ್ತು. ಕೆಳಗಿನದು ಕಾಟಿಯ, ಅಂದರೆ ಕಾಡುಕೋಣದ, ಹುಲ್ಲುಗಾವಲನ್ನು ಸೀಳಿಕೊಂಡು ಹೋಗುತ್ತಿತ್ತು.

ಹೊಸಬರನ್ನು ಜೋಪಾನವಾಗಿ ಉಪ್ಪುಗುಂಡಿಗೆ ಕರೆದೊಯ್ದು ಮತ್ತೆ ಕಾಡಿನಂಚಿಗೆ ಬಿಟ್ಟುಬರುವ ಕೆಲಸ ಕೆಲವರದು. ಅವರನ್ನು ಎಲ್ಲರೂ 'ದಾರಿಯವರು' ಎನ್ನುತ್ತಿದ್ದರು. ಮುಳ್ಳುಹಂದಿ ತಿಪ್ಪಜ್ಜ ಅವರಲ್ಲಿ ಹಿರಿಯ. ನೀರುನಾಯಿ ಗಂಗಣ್ಣ ಕೆರೆ ದಾಟಿಸುವುದರಲ್ಲಿ ಗಟ್ಟಿಗ. ಆಮೇಲೆ ನಮ್ಮ ಬೆಳ್ಳಿ. ಹೆಸರು ಬೆಳ್ಳಿ, ಮೈಬಣ್ಣ ಕಾಡಿಗೆ. ಬಾಲದ ತುದಿಯಲ್ಲಿ ಎರಡು ಉದ್ದನೆಯ ಗರಿ ತೂಗಾಡುವ ಕಾಜಾಣ.

ದಾರಿಯವರಿಗೆ ಕೂಲಿ ಎಂದು ಯಾರೂ ಏನೂ ಕೊಡುತ್ತಿರಲಿಲ್ಲ. ಹಿಂಡು ನಡೆದದ್ದೇ ಕೂಲಿ. ಗೊರಸು ತಗುಲಿ ಹುಲ್ಲಿನಿಂದ ಎದ್ದ ಮಿಡತೆ ಬೆಳ್ಳಿಗೆ. ನೀರು ಕಲಕಿದಾಗ ಹೊರಬಿದ್ದ ಏಡಿ ಗಂಗಣ್ಣನಿಗೆ. ಮಣ್ಣು ಸಡಿಲಾಗಿ ಮೇಲೆ ಬಂದ ಗೆಡ್ಡೆ ತಿಪ್ಪಜ್ಜನಿಗೆ. ಆ ಬೇಸಿಗೆಯಲ್ಲಿ ಬೆಳ್ಳಿಯ ಗೂಡಿನಲ್ಲಿ ಮರಿಗಳಿದ್ದವು. ಹಿಂಡು ಬಂದರೆ ಅವುಗಳ ಬಾಯಿಗೆ ಮಿಡತೆ, ಬರದಿದ್ದರೆ ಬರೀ ಗಾಳಿ.

ದಾರಿಯವರಲ್ಲಿ ಒಂದು ಪದ್ಧತಿ ಇತ್ತು. ಹೊರಡುವ ಮೊದಲು ಅತಿಥಿಗಳನ್ನು ಕಾಡಿನಂಚಿನಲ್ಲಿ ನಿಲ್ಲಿಸಿ, ದಾರಿಯಲ್ಲಿರುವ ಕಷ್ಟವನ್ನೆಲ್ಲ ಒಂದೂ ಬಿಡದೆ ಹೇಳಬೇಕು. ಇಲ್ಲಿ ಕೆಸರು, ಅಲ್ಲಿ ಚಿರತೆಯ ವಾಸನೆ, ಆ ತಿರುವಿನಲ್ಲಿ ಕಾಲು ಜಾರುತ್ತದೆ, ಹೀಗೆ. ಇದಕ್ಕೆ 'ಮುಳ್ಳು ಹೇಳುವುದು' ಎಂದು ಹೆಸರು. ತಿಪ್ಪಜ್ಜ ಪ್ರತಿಯೊಬ್ಬ ಹೊಸ ದಾರಿಯವನಿಗೂ ಇದನ್ನೇ ಕಲಿಸುತ್ತಿದ್ದ. "ಮೊದಲು ಮುಳ್ಳು ಹೇಳು, ಆಮೇಲೆ ಹೂವು ಹೇಳು. ಮುಳ್ಳು ಕೇಳಿಸಿಕೊಂಡೂ ಬಂದವನು ನಡುದಾರಿಯಲ್ಲಿ ತಿರುಗಿಬೀಳುವುದಿಲ್ಲ."

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಕಾಡುಹಂದಿಗಳದೊಂದು ಗುಂಪು ಬಂದು ಎಲ್ಲ ಕೆಡಿಸಿತು. ದಾರಿಯವರಿಲ್ಲದೆ ತಾವೇ ನುಗ್ಗಿದ ಗುಂಪು ಅದು. ಹುಲ್ಲುಗಾವಲನ್ನು ಕೆದರಿ, ಹುತ್ತಗಳನ್ನು ಉರುಳಿಸಿ, ಕೊನೆಗೆ ಕೆರೆಯಲ್ಲಿ ಹೊರಳಾಡಿ ಎದ್ದು ಹೋಯಿತು. ಕೆರೆ ಗಂಜಿಪಾತ್ರೆ ತೊಳೆದ ನೀರಿನ ಹಾಗಾಯಿತು.

ಕಾಡಿನ ಕಟ್ಟಳೆ ಮಾಡುವ ಪಂಚಾಯ್ತಿಗೆ ಸಿಟ್ಟು ಬಂತು. ಪಂಚಾಯ್ತಿ ಎಂದರೆ ಐವರಲ್ಲ, ಮೂವರೇ. ಆನೆ ದೊಡ್ಡಮ್ಮ, ಕಾಟಿ ಮಾದಪ್ಪ, ಕರಡಿ ಜಡೆಯಪ್ಪ. ಮೂವರ ತೂಕ ಸೇರಿಸಿದರೆ ಐವತ್ತು ಜನರ ಪಂಚಾಯ್ತಿ, ಅದಿರಲಿ. "ಇನ್ನು ಮೇಲೆ ಹೊರಗಿನವರನ್ನು ಯಾರೂ ಕಾಡಿನೊಳಗೆ ಕರೆತರಕೂಡದು. ಬರುವ ಸಭೆಯಲ್ಲಿ ಇದನ್ನು ಕಟ್ಟಳೆ ಮಾಡುತ್ತೇವೆ" ಎಂದು ಸಾರಿದರು.

ದಾರಿಯವರ ಎದೆ ಧಸಕ್ಕೆಂದಿತು. ಎಲ್ಲರೂ ತಿಪ್ಪಜ್ಜನ ಬಿಲದ ಮುಂದೆ ಸೇರಿದರು.

"ಹಂದಿಗಳು ಮಾಡಿದ್ದಕ್ಕೆ ನಮಗೆ ಬರೆಯೇ?" ಗಂಗಣ್ಣ ಮೀಸೆ ಅದುರಿಸಿದ. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ."

"ಗಾದೆ ಹೇಳಿದರೆ ಕಟ್ಟಳೆ ನಿಲ್ಲುತ್ತದೆಯೇ?" ಎಂದ ತಿಪ್ಪಜ್ಜ. "ಯಾರಾದರೂ ಹೋಗಿ ಮಾತಾಡಬೇಕು. ಸಭೆಗೆ ಮೊದಲೇ ಮೂವರನ್ನೂ ಕಾಣಬೇಕು."

ಎಲ್ಲರ ಕಣ್ಣೂ ಬೆಳ್ಳಿಯ ಮೇಲೆ ಹೋಯಿತು. ಯಾಕೆಂದರೆ ಅವಳಿಗೆ ಒಂದು ವಿದ್ಯೆ ಇತ್ತು. ಕಾಡಿನ ಯಾವ ಪ್ರಾಣಿಯ ದನಿಯನ್ನಾದರೂ ಅವಳು ತೆಗೆಯುತ್ತಿದ್ದಳು. ಅವಳು ಕೋಳಿಯ ಹಾಗೆ ಕೂಗಿದರೆ ಕೋಳಿಗಳು ಓಡಿ ಬರುತ್ತಿದ್ದವು, ಹದ್ದಿನ ಹಾಗೆ ಕೂಗಿದರೆ ಅವೇ ಕೋಳಿಗಳು ಓಡಿ ಹೋಗುತ್ತಿದ್ದವು.

"ನಾನು ಹೋಗ್ತೀನಿ" ಎಂದಳು ಬೆಳ್ಳಿ. "ಮೂವರನ್ನೂ ಒಪ್ಪಿಸಿಕೊಂಡೇ ಬರ್ತೀನಿ. ನನ್ನ ಮರಿಗಳ ಹೊಟ್ಟೆಯ ಪ್ರಶ್ನೆ ಇದು. ಬಿಡುವವಳಲ್ಲ ನಾನು."

ಹಠ ಅಂದರೆ ಹೀಗಿರಬೇಕು, ಒಪ್ಪಿದೆ. ಆದರೆ ಹಠ ಮಾಡಿದವರೆಲ್ಲ ನೇರ ದಾರಿಯಲ್ಲೇ ಹೋಗುತ್ತಾರೆ ಎಂದು ಯಾರು ಹೇಳಿದರು? ಮುಂದೆ ಕೇಳಿ.

ಬೆಳ್ಳಿ ಮೊದಲು ಹೋದದ್ದು ಹುಲ್ಲುಗಾವಲಿಗೆ. ಕಾಟಿ ಮಾದಪ್ಪ ಮೇಯುತ್ತಿದ್ದ. ಅವಳು ಹಿಂದಿನ ಕೊಂಬೆಯ ಮೇಲೆ ಕುಳಿತು ಥೇಟ್ ಕಾಟಿಯ ಹಾಗೆ ಗುಟುರು ಹಾಕಿದಳು.

ಮಾದಪ್ಪ ಗಕ್ಕನೆ ತಿರುಗಿದ. "ಓ, ನೀನಾ ಬೆಳ್ಳಿ? ನಮ್ಮ ದೊಡ್ಡಣ್ಣ ಬಂದ ಅಂತ ತಿಳಿದೆ."

"ನಿಮ್ಮ ಮನೆಯವಳೇ ಅಂತ ತಿಳ್ಕೊಳ್ಳಿ ಮಾದಪ್ಪಣ್ಣ" ಎಂದಳು ಬೆಳ್ಳಿ ಅದೇ ದಪ್ಪ ದನಿಯಲ್ಲಿ. "ಹುಲ್ಲು ಅಂದರೆ ಬರೀ ಹುಲ್ಲೇ? ನಿಮ್ಮ ಅನ್ನ. ಅನ್ನ ತುಳಿಯೋರು ಉಂಟೇ?"

"ಹಾಗೆ ಹೇಳು. ಹಾಗಾದರೆ ನಿಮ್ಮ ಹಿಂಡುಗಳು ಕೆಳಗಿನ ದಾರಿಗೆ ಬರಲ್ಲ ಅನ್ನು."

"ಗೊರಸೂ ಸೋಕಿಸಲ್ಲ."

"ಮೇಲಿನ ದಾರಿಯಲ್ಲೇ ಹೋಗ್ತಾವಾ?"

"ಮೇಲಿನ ದಾರಿಯಲ್ಲೇ."

ಮಾದಪ್ಪನಿಗೆ ಖುಷಿಯೋ ಖುಷಿ. ಬಾಲ ಬೀಸಿ "ನನ್ನ ಒಪ್ಪಿಗೆ ನಿನಗೇ" ಎಂದ.

ಅಲ್ಲಿಂದ ಬೆಳ್ಳಿ ಹಾರಿದ್ದು ಹುತ್ತಗಳ ಕಡೆಗೆ. ಕರಡಿ ಜಡೆಯಪ್ಪ ಗೆದ್ದಲು ಹೀರಿ, ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿದ್ದ. ಅವಳು ಕರಡಿಯ ಹಾಗೆ ಮೂಗಿನಲ್ಲೇ ಗುರುಗುಟ್ಟಿದಳು. ಜಡೆಯಪ್ಪ ಒಂದು ಕಣ್ಣು ತೆರೆದ.

"ಜಡೆಯಪ್ಪಣ್ಣ, ಹುತ್ತ ಅಂದರೆ ನಿಮ್ಮ ಅಡುಗೆಮನೆ. ಕಂಡವರ ಅಡುಗೆಮನೆಗೆ ಊರವರೆಲ್ಲ ನುಗ್ಗಿದರೆ ಹೇಗೆ? ಮಧ್ಯಾಹ್ನ ನಿಮಗೆ ನಿದ್ದೆ ಬೇಡವೇ?"

"ಅದನ್ನೇ ನಾನೂ ಬಡ್ಕೊಳ್ಳೋದು. ಮತ್ತೆ ನಿಮ್ಮ ಜಿಂಕೆಗಳು?"

"ಈ ಕಡೆ ತಲೆ ಹಾಕಲ್ಲ."

"ಕೆಳಗಿನ ದಾರಿಯಲ್ಲಿ ಹೋಗ್ತಾವಾ?"

ಮಾದಪ್ಪನಿಗೆ ಕೊಟ್ಟ ಮಾತು ಬೆಳ್ಳಿಗೆ ನೆನಪಾಯಿತು. ಆದರೂ ಜಡೆಯಪ್ಪನ ಮುಖ ಅರಳುತ್ತಿದ್ದುದು ಕಾಣಿಸುತ್ತಿತ್ತು. ಅರಳುವ ಮುಖ ಕಂಡರೆ ಅವಳ ನಾಲಿಗೆ ತಡೆಯುತ್ತಿರಲಿಲ್ಲ. "ಕೆಳಗಿನ ದಾರಿಯಲ್ಲೇ" ಎಂದುಬಿಟ್ಟಳು. ಆಗಲಿ, ಮೊದಲು ಕಟ್ಟಳೆ ನಿಲ್ಲಲಿ, ದಾರಿಯ ವಿಷಯ ಆಮೇಲೆ ನೋಡಿಕೊಂಡರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕೊನೆಗೆ ಆನೆ ದೊಡ್ಡಮ್ಮ. ಅವಳು ಕೆರೆದಂಡೆಯಲ್ಲಿ ನಿಂತಿದ್ದಳು. ಬೆಳ್ಳಿ ಎಳೆ ಆನೆಮರಿಯ ಹಾಗೆ ಕೀಚಲು ದನಿ ತೆಗೆದು, "ದೊಡ್ಡಮ್ಮ, ಹಿಂಡು ಬಂದರೂ ನಿಮ್ಮ ಕೆರೆ ಕನ್ನಡಿ ಹಾಗೆ ಇರುತ್ತೆ. ನೀರು ಒಂಚೂರೂ ಕಲಕಲ್ಲ" ಎಂದಳು.

ದೊಡ್ಡಮ್ಮ ಕಿವಿ ಬೀಸಿದಳು. ಸ್ವಲ್ಪ ಹೊತ್ತು ನೀರನ್ನೇ ನೋಡಿದಳು. "ಸಭೆಗೆ ಬಾ" ಎಂದಳು, ಅಷ್ಟೇ.

ಬೆಳ್ಳಿ ಗೆದ್ದವಳ ಹಾಗೆ ಬಾಲ ತೂಗಿಸುತ್ತಾ ಹಿಂತಿರುಗಿದಳು. ಗಂಗಣ್ಣ ಕುಣಿದೇಬಿಟ್ಟ. ತಿಪ್ಪಜ್ಜ ಮಾತ್ರ ಒಂದೇ ಪ್ರಶ್ನೆ ಕೇಳಿದ.

"ಮುಳ್ಳು ಹೇಳಿದೆಯಾ?"

"ಅಯ್ಯೋ ಅಜ್ಜ, ಅದು ಅತಿಥಿಗಳಿಗೆ ಹೇಳೋದು. ಕಟ್ಟಳೆ ಮಾಡೋರಿಗೆ ಹೂವೇ ಸಾಕು."

ತಿಪ್ಪಜ್ಜನ ಬೆನ್ನ ಮೇಲಿನ ಮುಳ್ಳುಗಳು ಗರಗರ ಅಂದವು.

ಸಭೆಯ ದಿನ ಬಂತು. ಕೆರೆಯ ಪಕ್ಕದ ಬಯಲಿನಲ್ಲಿ ಒಂದು ಕಲ್ಲು. ಪಂಚಾಯ್ತಿಯ ಮುಂದೆ ಏನಾದರೂ ಬೇಡಿಕೊಳ್ಳುವವರು ಅದರ ಮೇಲೆ ನಿಂತೇ ಹೇಳಬೇಕು. ಅದಕ್ಕೇ ಅದು ಅಹವಾಲಿನ ಕಲ್ಲು. ಅದಕ್ಕೊಂದು ನಿಯಮವಿತ್ತು. ಕಲ್ಲಿನ ಮೇಲೆ ಇರುವವರೆಗೆ ನಿನ್ನ ಅಹವಾಲಿಗೆ ಜೀವ. ಕಲ್ಲು ಬಿಟ್ಟರೆ ಮುಗಿಯಿತು, ಆ ವಿಷಯ ಮತ್ತೆ ಎತ್ತುವಂತಿಲ್ಲ.

ಬೆಳ್ಳಿ ಕಲ್ಲಿನ ಮೇಲೆ ಇಳಿದಳು. ಇನ್ನೂ ಬಾಯಿ ತೆರೆದಿರಲಿಲ್ಲ, ಮಾದಪ್ಪನೇ ಶುರು ಮಾಡಿದ. "ದೊಡ್ಡಮ್ಮ, ನನ್ನ ಒಪ್ಪಿಗೆ ದಾರಿಯವರ ಕಡೆಗೆ. ನ್ಯಾಯವಂತರು ಅವರು. ಮೇಲಿನ ದಾರಿಯಲ್ಲೇ ಹೋಗ್ತಾರಂತೆ."

"ಏನಂದೆ?" ಜಡೆಯಪ್ಪ ಎದ್ದು ಕುಳಿತ. "ಮೇಲಿನ ದಾರೀನಾ? ಕೆಳಗಿನ ದಾರಿ ಅಂತ ನನಗೆ ಹೇಳಿದಾಳೆ."

"ಕೆಳಗಿನದು ನನ್ನ ಹುಲ್ಲುಗಾವಲು."

"ಮೇಲಿನದು ನನ್ನ ಹುತ್ತ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಒಟ್ಟಿಗೆ ಬೆಳ್ಳಿಯ ಕಡೆ ತಿರುಗಿದರು.

"ಮೇಲೂ ಇಲ್ಲ, ಕೆಳಗೂ ಇಲ್ಲ" ಎಂದ ಜಡೆಯಪ್ಪ. "ಜಿಂಕೆಗಳಿಗೆ ರೆಕ್ಕೆ ಕಟ್ಟಿಸ್ತೀಯೇನಮ್ಮ?"

ಸುತ್ತ ನೆರೆದವರೆಲ್ಲ ಬಿದ್ದುಬಿದ್ದು ನಕ್ಕರು. ಬೆಳ್ಳಿ ಗಾಬರಿಯಾದಳು. ಗಾಬರಿಯಲ್ಲಿ ಮಾದಪ್ಪನಿಗೆ ಮಾದಪ್ಪನ ದನಿಯಲ್ಲೇ ಏನೋ ಹೇಳಹೋದಳು, ಜಡೆಯಪ್ಪನಿಗೆ ಜಡೆಯಪ್ಪನ ದನಿಯಲ್ಲೇ ಏನೋ ಹೇಳಹೋದಳು. ಒಂದೇ ಕೊಕ್ಕಿನಿಂದ ಗುಟುರೂ ಗುರುಗುಟ್ಟುವುದೂ ಬೆರೆತು ಬಂದಾಗ ನಗು ಇನ್ನೂ ಜಾಸ್ತಿಯಾಯಿತು. ಕೊನೆಯ ಸಾಲಿನಲ್ಲಿದ್ದ ಒಂದು ಗೊರವಂಕವಂತೂ ನಕ್ಕು ನಕ್ಕು ಕೊಂಬೆಯಿಂದ ಜಾರಿತು.

ನಗದೆ ಇದ್ದವಳು ದೊಡ್ಡಮ್ಮ ಒಬ್ಬಳೇ. "ಬೆಳ್ಳಿ" ಎಂದಳು. "ಮಾದಪ್ಪನ ದನಿ ಕೇಳಿದೆ. ಜಡೆಯಪ್ಪನ ದನಿ ಕೇಳಿದೆ. ಮೊನ್ನೆ ನನ್ನ ಮೊಮ್ಮಗುವಿನ ದನೀನೂ ಕೇಳಿದೆ. ನಿನ್ನ ದನಿ ಯಾವುದಮ್ಮ?"

ಬೆಳ್ಳಿ ತೆರೆದಿದ್ದ ಕೊಕ್ಕು ಮುಚ್ಚಿ ಕಾಲಡಿಯ ಕಲ್ಲನ್ನು ನೋಡಿದಳು.

"ಬಿಸಿಲೇರಿತು" ಎಂದಳು ದೊಡ್ಡಮ್ಮ. "ಕೆರೆಗೆ ಹೋಗಿ ಬರ್ತೀನಿ. ಬಂದ ಮೇಲೆ ತೀರ್ಮಾನ."

ಮೂವರೂ ಎದ್ದು ಹೋದರು. ಉಳಿದವರು ನೆರಳು ಹುಡುಕಿಕೊಂಡು ಚದುರಿದರು. ಬಟ್ಟಬಯಲಿನಲ್ಲಿ ಆ ಕಲ್ಲು, ಕಲ್ಲಿನ ಮೇಲೆ ಬೆಳ್ಳಿ.

ಮಕ್ಕಳೇ, ಮಾನ ಹೋದ ಜಾಗದಲ್ಲಿ ಕುಳಿತಿರುವುದು ಎಷ್ಟು ಕಷ್ಟ ಗೊತ್ತೇ? ಅವಳಿಗೆ ಹಾರಿಹೋಗಬೇಕು ಅನ್ನಿಸಿತು. ಬೇರೆ ಕಾಡಿಗೇ ಹೋಗಿಬಿಡಬೇಕು ಅನ್ನಿಸಿತು. ರೆಕ್ಕೆ ಅರ್ಧ ಬಿಚ್ಚಿಯೂ ಇದ್ದಳು. ಅಷ್ಟರಲ್ಲಿ ತಿಪ್ಪಜ್ಜ ನಿಧಾನವಾಗಿ ನಡೆದುಬಂದು ಕಲ್ಲಿನ ಬುಡದಲ್ಲಿ ಕುಳಿತ.

"ಹಾರಿಹೋಗೋಣ ಅನ್ನಿಸ್ತಿದೆ ಅಜ್ಜ" ಎಂದಳು ಬೆಳ್ಳಿ.

"ರೆಕ್ಕೆ ಇದ್ದವರಿಗೆ ಅನ್ನಿಸುತ್ತೆ."

"ನಾನು ಹಾರಿದರೆ?"

"ಕಲ್ಲು ಖಾಲಿ. ನಾಳೆಯಿಂದ ನಾವೂ ಖಾಲಿ."

ಬೆಳ್ಳಿ ರೆಕ್ಕೆ ಮುಚ್ಚಿದಳು. ದುಃಖ ಉಕ್ಕಿ ಬಂತು. "ಬೈಯಿ ಅಜ್ಜ. ನೀನಾದರೂ ಬೈಯಿ. ನೀನು ಕೇಳಿದಾಗಲೇ ನನಗೆ ಗೊತ್ತಾಗಬೇಕಿತ್ತು."

"ಬೈದರೆ ನಿನಗೆ ಹಗುರಾಗುತ್ತೆ, ಅದಕ್ಕೇ ಬೈಯಲ್ಲ. ಹೊಸ ಜಿಂಕೆಹಿಂಡು ಬಂದರೆ ನೀನು ಏನು ಹೇಳ್ತೀಯ, ಹೇಳು ನೋಡೋಣ."

"ಮೊದಲು ಮುಳ್ಳು ಹೇಳ್ತೀನಿ. ಕೆಸರು, ಜಾರು, ಚಿರತೆ."

"ಹೇಳಿದರೆ ಅವು ಹೆದರಿ ವಾಪಸು ಹೋಗಲ್ಲವಾ?"

"ಕೆಲವು ಹೋಗ್ತಾವೆ. ನಿಂತವು ಕೊನೆಯವರೆಗೂ ಬರ್ತಾವೆ" ಎಂದಳು ಬೆಳ್ಳಿ.

ತಿಪ್ಪಜ್ಜ ಎದ್ದ. "ಆ ಮೂವರೂ ಈ ದಾರಿಗೆ ಹೊಸಬರೇ ಕಣಮ್ಮ" ಎಂದು ಹೇಳಿ ನೆರಳಿಗೆ ಹೋದ.

ಬಿಸಿಲು ನೆತ್ತಿಗೆ ಬಂತು. ಕಲ್ಲು ದೋಸೆಕಾವಲಿಯಂತೆ ಕಾಯಿತು. ಬೆಳ್ಳಿ ಒಂದು ಕಾಲು ಎತ್ತಿ ಇನ್ನೊಂದು ಊರುತ್ತಾ ನಿಂತಳು. ದೂರದ ಮತ್ತಿಮರದಿಂದ ಅವಳ ಮರಿಗಳ ಕೂಗು ಕೇಳಿಸತೊಡಗಿತು. ಹಸಿದ ಕೂಗು. ತಾಯಿಯಾದವಳಿಗೆ ಅದನ್ನು ಕೇಳಿಕೊಂಡು ಕೂರುವುದು ಎಂದರೆ ಬೆಂಕಿಯ ಮೇಲೆ ಕೂತ ಹಾಗೆ. ಹೋಗಿ ಒಂದು ಹುಳ ಕೊಟ್ಟು ಬರಲೇ ಎಂದು ಜೀವ ಎಳೆಯಿತು. ಆದರೆ ಇವತ್ತಿನ ಒಂದು ಹುಳಕ್ಕೆ ನಾಳೆಯ ಹುಳಗಳನ್ನೆಲ್ಲ ಕೊಟ್ಟಂತಾಗುತ್ತದೆ. ಬೆಳ್ಳಿ ಉಗುರುಗಳನ್ನು ಕಲ್ಲಿಗೆ ಒತ್ತಿಕೊಂಡಳು.

ಗಂಗಣ್ಣ ಕೆರೆಯಿಂದ ಓಡಿಬಂದು ಕಲ್ಲಿನ ಪಕ್ಕದಲ್ಲಿ ಮೈ ಝಾಡಿಸಿದ. ತಣ್ಣನೆಯ ಹನಿಗಳು ಅವಳ ಕಾಲ ಮೇಲೆ ಬಿದ್ದವು.

"ಮರಿಗಳನ್ನ ನಾನು ನೋಡ್ಕೋತೀನಿ, ನೀನು ಕದಲಬೇಡ" ಎಂದ.

ನೀರುನಾಯಿ ಮರ ಹತ್ತುವುದುಂಟೇ? ಪಾಪ, ಮತ್ತಿಮರದ ಬುಡದಲ್ಲಿ ನಿಂತು ತನಗೆ ಬಂದ ಜೋಗುಳ ಹಾಡಿದ. ಆ ಹಾಡಿಗೆ ಮರಿಗಳು ಹಸಿವು ಮರೆತವೋ, ಹೆದರಿ ಬಾಯಿ ಮುಚ್ಚಿದವೋ, ಒಟ್ಟಿನಲ್ಲಿ ಸುಮ್ಮನಾದವು.

ಬಿಸಿಲು ವಾಲಿದ ಮೇಲೆ ದೊಡ್ಡಮ್ಮ ಹಿಂತಿರುಗಿದಳು. ಹಿಂದೆ ಮಾದಪ್ಪ, ಜಡೆಯಪ್ಪ. ಕಲ್ಲು ಖಾಲಿಯಾಗಿರುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಬೆಳ್ಳಿ ಅಲ್ಲೇ ಇದ್ದಳು. ಗರಿಗಳು ಬಾಡಿ ಕೊಕ್ಕು ಒಣಗಿತ್ತು.

"ಇನ್ನೂ ಇದ್ದೀಯಾ?" ಎಂದ ಜಡೆಯಪ್ಪ.

"ಇದ್ದೀನಿ. ನನ್ನ ಅಹವಾಲು ಇನ್ನೂ ಶುರುವಾಗಿಲ್ಲ" ಎಂದಳು ಬೆಳ್ಳಿ.

ಎಲ್ಲರೂ ಬೆರಗಾಗಿ ನೋಡಿದರು. ಇದು ಯಾರ ದನಿ? ಕಾಟಿಯದಲ್ಲ, ಕರಡಿಯದಲ್ಲ. ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ಕಿರ್ರೆನ್ನುವ ಒರಟು ದನಿ. ಅದು ಅವಳ ಸ್ವಂತ ದನಿ. ಗೂಡಿನಲ್ಲಿ ಮರಿಗಳ ಹತ್ತಿರ ಬಿಟ್ಟು ಬೇರೆಲ್ಲೂ ಅವಳು ಅದನ್ನು ತೆಗೆದವಳಲ್ಲ, ಚೆಂದವಿಲ್ಲ ಎಂದು ನಾಚಿಕೆ.

"ಮೊನ್ನೆ ನಾನು ನಿಮಗೆ ಬರೀ ಹೂವು ಹೇಳಿದೆ. ಅದು ತಪ್ಪು. ಈಗ ಮುಳ್ಳು ಹೇಳ್ತೀನಿ" ಎಂದು ಅವಳು ಶುರು ಮಾಡಿದಳು. "ಮಾದಪ್ಪಣ್ಣ, ಹಿಂಡು ಕೆಳಗಿನ ದಾರಿಯಲ್ಲಿ ಬಂದರೆ ನಿಮ್ಮ ಹುಲ್ಲು ಹಾಳಾಗುತ್ತೆ. ದಾರಿಯ ಉದ್ದಕ್ಕೂ ಒಂದು ಪಟ್ಟಿ ಆ ಬೇಸಿಗೆಯಲ್ಲಿ ಮತ್ತೆ ಚಿಗುರಲ್ಲ. ಜಡೆಯಪ್ಪಣ್ಣ, ಮೇಲಿನ ದಾರಿಯಲ್ಲಿ ಬಂದರೆ ನಿಮ್ಮ ನಿದ್ದೆ ಕೆಡುತ್ತೆ. ಹುತ್ತ ಉರುಳದ ಹಾಗೆ ನೋಡ್ಕೋಬಹುದು, ಆದರೆ ಗೊರಸಿನ ಸದ್ದು ಬರದ ಹಾಗೆ ಮಾಡೋಕೆ ನಮ್ಮಿಂದ ಆಗಲ್ಲ."

"ಇದನ್ನ ಕೇಳೋಕೆ ನಾನು ವಾಪಸು ಬರಬೇಕಿತ್ತಾ?" ಎಂದು ಜಡೆಯಪ್ಪ ಗೊಣಗಿದ.

"ಇನ್ನೊಂದು ಮುಳ್ಳಿದೆ, ಅದು ನಮ್ಮದು. ಹಂದಿಗಳು ಬಂದ ದಿನ ಕಾಡಿನಂಚಿನಲ್ಲಿ ನಿಂತು ದಾರಿಯವರಿಗಾಗಿ ಕೂಗಿದ್ದವು. ಮಳೆ ಸುರೀತಿತ್ತು. ಹಂದಿಗಳ ಜೊತೆ ಹೋದರೆ ಎಲ್ಲ ಅವೇ ತಿಂದು ನಮಗೆ ಹುಳವೂ ಉಳಿಯಲ್ಲ, ಗೆಡ್ಡೆಯೂ ಉಳಿಯಲ್ಲ ಅಂತ ನಾವು ಯಾರೂ ಹೋಗಲಿಲ್ಲ. ಅವು ಕಾದು ಕಾದು ತಾವೇ ನುಗ್ಗಿದವು."

ತಿಪ್ಪಜ್ಜ ತಲೆ ತಗ್ಗಿಸಿದ. ಅವನೂ ಅವತ್ತು ಬಿಲದಲ್ಲೇ ಇದ್ದವನು. ಆದರೆ ಬೆಳ್ಳಿಯ ಮಾತನ್ನು ತಡೆಯಲಿಲ್ಲ.

"ಈಗ ಹೂವು. ಒಂದೇ ಇದೆ" ಎಂದಳು ಬೆಳ್ಳಿ. "ಉಪ್ಪು ಕರೆಯೋದನ್ನ ನಿಮ್ಮ ಕಟ್ಟಳೆ ನಿಲ್ಲಿಸಲ್ಲ. ನಾವು ಇದ್ದರೂ ಹಿಂಡು ಬರುತ್ತೆ, ಇಲ್ಲದಿದ್ದರೂ ಬರುತ್ತೆ. ನಾವು ಇದ್ದರೆ ಒಂದು ದಾರಿಯಲ್ಲಿ ಬರುತ್ತೆ. ಇಲ್ಲದಿದ್ದರೆ ಏನಾಗುತ್ತೆ ಅಂತ ಹಂದಿಗಳು ತೋರಿಸಿ ಹೋಗಿದಾವೆ."

ಮಾದಪ್ಪ ಮೆಲುಕು ಹಾಕುತ್ತಾ ಯೋಚಿಸಿದ. ಅವನ ಯೋಚನೆಯೂ ಮೇವಿನ ಹಾಗೆ ಎರಡೆರಡು ಸಲ ಅರೆದ ಮೇಲೆಯೇ ಇಳಿಯುವುದು.

"ಒಂದು ಪಟ್ಟಿ ಹುಲ್ಲು ಹೋಗುತ್ತೆ ಅಂತೀಯ" ಎಂದ ಕೊನೆಗೆ. "ಹಂದಿಗಳು ಬಂದಾಗ ಅರ್ಧ ಬಯಲೇ ಹೋಗಿತ್ತು. ಒಪ್ಪಿದೆ."

"ನಾನು ಒಪ್ಪಲ್ಲ" ಎಂದ ಜಡೆಯಪ್ಪ. "ನನ್ನ ನಿದ್ದೆ ನನಗೆ ಬೇಕು. ಈ ಸಲ ಇವಳು ಸುಳ್ಳು ಹೇಳಿಲ್ಲ, ಅದು ಬೇರೆ ಮಾತು."

ಒಂದು ಈ ಕಡೆ, ಒಂದು ಆ ಕಡೆ. ಉಳಿದವಳು ದೊಡ್ಡಮ್ಮ. ಅವಳು ಸೊಂಡಿಲನ್ನು ನೆಲಕ್ಕೆ ಊರಿ ಕಲ್ಲಿನ ಹತ್ತಿರಕ್ಕೆ ಬಂದಳು. ಅವಳ ನೆರಳು ಬೆಳ್ಳಿಯ ಮೇಲೆ ಬಿತ್ತು.

"ಮಾದಪ್ಪನ ಮುಳ್ಳು ಹೇಳಿದೆ. ಜಡೆಯಪ್ಪನ ಮುಳ್ಳು ಹೇಳಿದೆ. ನನ್ನದು ಬಿಟ್ಟೆಯಲ್ಲ."

ತೀರ್ಮಾನ ಈಗ ಈ ಒಬ್ಬಳ ಬಾಯಲ್ಲಿ. ಇವಳಿಗೆ ಹಿತವಾಗುವ ಒಂದೇ ಒಂದು ಮಾತು ಹೇಳಿದರೆ ಗೆದ್ದಂತೆ. ಕೆರೆ ಕನ್ನಡಿ ಹಾಗೆ ಇರುತ್ತೆ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು, ಆನೆಮರಿಯ ಆ ಮುದ್ದು ದನಿಯೂ ಗಂಟಲಲ್ಲಿ ಸಿದ್ಧವಾಗಿತ್ತು. ಮತ್ತಿಮರದಿಂದ ಮರಿಗಳು ಮತ್ತೆ ಕೂಗಿದವು. ಬೆಳ್ಳಿ ಆ ದನಿಯನ್ನು ನುಂಗಿದಳು.

"ನೀರು ಕಲಕುತ್ತೆ ದೊಡ್ಡಮ್ಮ" ಎಂದಳು, ತನ್ನ ಕಿರ್ರೆನ್ನುವ ದನಿಯಲ್ಲೇ. "ಎಷ್ಟು ಜೋಪಾನವಾಗಿ ದಾಟಿಸಿದರೂ ಕಲಕುತ್ತೆ. ಹಿಂಡು ದಾಟಿದ ದಿನ ಕೆಸರು ತಳ ಸೇರೋವರೆಗೆ ನೀವು ಕಾಯಬೇಕು. ಮೊನ್ನೆ ನಾನು ಹೇಳಿದ್ದು ಸುಳ್ಳು."

ಗಂಗಣ್ಣ ದೂರದಲ್ಲೇ ಕಣ್ಣು ಮುಚ್ಚಿಕೊಂಡ. ಕೆಲಸ ಕೆಟ್ಟಿತು ಎಂದೇ ಅವನ ಲೆಕ್ಕ.

ದೊಡ್ಡಮ್ಮನ ಹೊಟ್ಟೆಯೊಳಗೆ ಗುಡುಗಿನಂಥ ಸದ್ದಾಯಿತು. ಸಿಟ್ಟು ಅಂದುಕೊಂಡು ಮುಂದಿನ ಸಾಲಿನವರು ಹಿಂದೆ ಸರಿದರು. ನೋಡಿದರೆ ಅದು ನಗು.

"ಕಲಕುತ್ತೆ ಅಂತ ನನಗೆ ಗೊತ್ತಿಲ್ಲವೇನೇ ಹುಚ್ಚಿ?" ಎಂದಳು. "ನಾನು ಮರಿಯಾಗಿದ್ದಾಗಿನಿಂದ ಆ ಕೆರೇನ ದಿನಾ ಕಲಕ್ತಾ ಇರೋಳು ನಾನೇ. ಈಗ ತಾನೇ ಕಲಕಿ ಬಂದೆ. ಕನ್ನಡಿ ಹಾಗೆ ಇರುತ್ತೆ ಅಂತ ನೀನು ಹೇಳಿದ ದಿನವೇ ನಿನ್ನ ಉಳಿದ ಮಾತೂ ಎಷ್ಟು ಗಟ್ಟಿ ಅಂತ ತಿಳೀತು. ಇವತ್ತು ಈ ಮುಳ್ಳು ಹೇಳದೆ ಇದ್ದಿದ್ದರೆ ನಿನ್ನ ಹೂವನ್ನೂ ನಂಬ್ತಿರಲಿಲ್ಲ."

ಆಮೇಲೆ ಅವಳು ಎಲ್ಲರ ಕಡೆ ತಿರುಗಿ ತೀರ್ಮಾನ ಹೇಳಿದಳು. ಹುಲ್ಲು ಚಿಗುರುವ ಕಾಲದಲ್ಲಿ ಹಿಂಡು ಮೇಲಿನ ದಾರಿಯಲ್ಲಿ ಹೋಗಲಿ. ಹುಲ್ಲು ಬಲಿತ ಮೇಲೆ ಕೆಳಗಿನ ದಾರಿ. ಕಾಡಿನಂಚಿನಲ್ಲಿ ಯಾರು ಬಂದು ಕೂಗಿದರೂ, ಜಿಂಕೆಯಾಗಲಿ ಹಂದಿಯಾಗಲಿ, ಲಾಭ ನಷ್ಟ ನೋಡದೆ ದಾರಿಯವರು ಹೋಗಬೇಕು. ಇನ್ನು ಮೇಲೆ ಅಹವಾಲಿನ ಕಲ್ಲು ಹತ್ತುವವರು ಯಾರೇ ಆಗಲಿ, ಮೊದಲು ಮುಳ್ಳು ಹೇಳಬೇಕು.

"ನನ್ನ ನಿದ್ದೆ?" ಎಂದ ಜಡೆಯಪ್ಪ.

"ಚಿಗುರಿನ ಕಾಲದಲ್ಲಿ ಪಕ್ಕಕ್ಕೆ ಹೊರಳಿ ಮಲಗು" ಎಂದಳು ದೊಡ್ಡಮ್ಮ. "ಇನ್ನು ಆ ಕಲ್ಲು ಬಿಡಮ್ಮ ಬೆಳ್ಳಿ. ಮರಿಗಳು ಕರೀತಿದಾವೆ."

ಬೆಳ್ಳಿ ಆಗ ಕಲ್ಲು ಬಿಟ್ಟಳು. ಸುಟ್ಟ ಕಾಲಿನಲ್ಲೇ ಮತ್ತಿಮರಕ್ಕೆ ಹಾರಿ, ಸಿಕ್ಕಿದ ಮೊದಲ ಹುಳವನ್ನು ಮರಿಗಳ ಬಾಯಿಗೆ ಇಟ್ಟಳು. ಗಂಗಣ್ಣ ಇನ್ನೊಂದು ಜೋಗುಳ ಹಾಡಲೇ ಎಂದು ಕೇಳಿದ. ಬೇಡ, ನೀನು ದಣಿದಿದ್ದೀಯ ಎಂದಳು ಬೆಳ್ಳಿ. ಅಷ್ಟು ಸುಳ್ಳು ಸ್ನೇಹಕ್ಕೆ ಇರಲಿ ಬಿಡಿ.

ಕೆಲವೇ ದಿನಗಳಲ್ಲಿ ಜಿಂಕೆಗಳ ಹಿಂಡೊಂದು ಕಾಡಿನಂಚಿಗೆ ಬಂತು. ಹುಲ್ಲು ಬಲಿತಿತ್ತು, ಆದ್ದರಿಂದ ಕೆಳಗಿನ ದಾರಿ. ಬೆಳ್ಳಿ ಮುಳ್ಳು ಹೇಳಿದಳು, ಒಂದೂ ಬಿಡದೆ. ಕೇಳಿ ಹೆದರಿದ ಎರಡು ಮೂರು ಜಿಂಕೆ ಹಿಂದೆ ಉಳಿದವು, ಮಿಕ್ಕವು ಹೊರಟವು. ಗೊರಸುಗಳ ಅಡಿಯಿಂದ ಮಿಡತೆಗಳು ಚಿಮ್ಮಿದವು. ಹುಲ್ಲುಗಾವಲಿನ ಅಂಚಿನಲ್ಲಿ ಮಾದಪ್ಪ ನಿಂತಿದ್ದ. ತುಳಿದ ಹುಲ್ಲನ್ನು ನೋಡಿ ಮುಖ ಸಿಂಡರಿಸಿದ. ಆದರೆ ದಾರಿ ಬಿಟ್ಟ.

"ಬೆಳ್ಳಿ" ಎಂದು ಕರೆದ ಅವನು. "ಅವತ್ತು ನನ್ನ ಹಾಗೆ ಗುಟುರು ಹಾಕಿದೆಯಲ್ಲ, ಚೆನ್ನಾಗಿತ್ತು. ಇನ್ನೊಂದು ಸಲ ಹಾಕು."

"ಅದು ನಿಮ್ಮದು ಮಾದಪ್ಪಣ್ಣ, ನೀವೇ ಹಾಕಿ" ಎಂದಳು ಬೆಳ್ಳಿ. "ಮುಂದೆ ಜಾರುಬಂಡೆ ಇದೆ, ನಾನು ಹಿಂಡಿಗೆ ಕೂಗಿ ಹೇಳಬೇಕು."

ಮುಂದಕ್ಕೆ ಹಾರಿ ಅವಳು ಕೂಗಿದಳು. ಕಿರ್ರೆನ್ನುವ ಆ ದನಿ ಕಿವಿಗೆ ಇಂಪಾಗಿರಲಿಲ್ಲ. ಆದರೆ ಹಿಂಡಿನ ಕೊನೆಯ ಮರಿಯವರೆಗೂ ಕೇಳಿಸಿತು, ಒಂದು ಕಾಲೂ ಜಾರಲಿಲ್ಲ.

ನೀತಿ: ಒಬ್ಬೊಬ್ಬರಿಗೆ ಒಂದೊಂದು ಹಿತದ ಮಾತು ಹೇಳಿದವನ ಕೆಲಸ ನಾಲ್ಕು ಜನ ಸೇರಿದಾಗ ಕೆಡುತ್ತದೆ, ಎಲ್ಲರೆದುರು ಮುಳ್ಳು ಮೊದಲು ಹೇಳಿ, ನಿಂತ ಕಲ್ಲು ಬಿಡದವನ ಮಾತು ಗೆಲ್ಲುತ್ತದೆ.